ಶೇಕಡಾ ಒಂಬತ್ತು, ಆದರೆ ಯಾವುದರ ಮೇಲೆ? ಇಲಿನಾಯ್ ಶಿಕ್ಷಕರ ಪಿಂಚಣಿ ವಂತಿಗೆಯ ಲೆಕ್ಕ

ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ ದಾವಣಗೆರೆ ಕಡೆಯ ಒಬ್ಬ ಹುಡುಗಿ ಎರಡು ನೇಮಕಾತಿ ಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಊರಿನಲ್ಲಿ ಬಿ.ಎಡ್. ಮುಗಿಸಿ ಮೂರು ವರ್ಷ ಗಣಿತ ಕಲಿಸಿದವಳು. ಇಲ್ಲಿಗೆ ಬಂದ ಮೇಲೆ ಮತ್ತೆ ಓದಿ, ಪರೀಕ್ಷೆ ಬರೆದು ಅಮೆರಿಕದ ಇಲಿನಾಯ್ ರಾಜ್ಯದ ಶಿಕ್ಷಕರ ಪರವಾನಗಿ ಪಡೆದಿದ್ದಳು. ಶಿಕಾಗೊದ ಪಶ್ಚಿಮಕ್ಕಿರುವ ಎರಡು ಶಾಲಾ ಡಿಸ್ಟ್ರಿಕ್ಟ್‌ಗಳು (ಒಂದೊಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು) ಅವಳಿಗೆ ಕೆಲಸ ಕೊಡಲು ಒಪ್ಪಿದ್ದವು.

“ಅಕ್ಕಾ, ಒಂದರಲ್ಲಿ 60,000 ಡಾಲರ್, ಇನ್ನೊಂದರಲ್ಲಿ 64,000. ದೊಡ್ಡದಕ್ಕೆ ಸಹಿ ಹಾಕು, ಅದರಲ್ಲಿ ಯೋಚನೆ ಮಾಡುವುದೇನಿದೆ ಎನ್ನುತ್ತಾರೆ ನಮ್ಮವರು. ನೀವು ಒಂದು ಸಲ ನೋಡಿಬಿಡಿ” ಎಂದಳು.

ನೋಡಿದೆ. 60,000ದ ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಶಿಕ್ಷಕರು ಟಿಆರ್‌ಎಸ್‌ಗೆ (ಶಿಕ್ಷಕರ ಪಿಂಚಣಿ ನಿಧಿಗೆ) ಕಟ್ಟಬೇಕಾದ ವಂತಿಗೆಯನ್ನು ಶಾಲಾ ಮಂಡಳಿಯೇ ಪೂರ್ತಿಯಾಗಿ ಭರಿಸುತ್ತದೆ, ಅದು ಈ ಸಂಬಳದ ಮೇಲೆ ಹೆಚ್ಚುವರಿ. 64,000ದ ಪತ್ರದಲ್ಲಿ ಆ ಮಾತೇ ಇರಲಿಲ್ಲ. ಚಹಾ ಆರುವುದರೊಳಗೆ ಲೆಕ್ಕ ಮುಗಿಯಿತು. ದೊಡ್ಡ ಸಂಬಳದ ಕೆಲಸ 60,000ದ್ದೇ ಆಗಿತ್ತು.

ನಾನು ರಾಣೆಬೆನ್ನೂರಿನವಳು. ಹದಿನೇಳು ವರ್ಷಗಳಿಂದ ಇಲ್ಲಿನ ಒಂದು ಸಣ್ಣ ಶಾಲಾ ಡಿಸ್ಟ್ರಿಕ್ಟ್‌ನ ಕಚೇರಿಯಲ್ಲಿ ಸಂಬಳದ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಔರೋರಾ, ನೇಪರ್‌ವಿಲ್ ಸುತ್ತಮುತ್ತ ಶಾಲಾ ಕೆಲಸಕ್ಕೆ ಸೇರುವ ಕನ್ನಡದ ಹೆಣ್ಣುಮಕ್ಕಳು ಈಗ ಕಡಿಮೆಯೇನಿಲ್ಲ. ಅವರೆಲ್ಲರೂ ನನ್ನನ್ನು ಕೇಳುವುದು ಇದೊಂದನ್ನೇ. ಆದ್ದರಿಂದ ಒಮ್ಮೆ ಪೂರ್ತಿಯಾಗಿ ಬರೆದುಬಿಡುತ್ತೇನೆ.

ನಮ್ಮೂರಿನ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ ಎಂಬುದನ್ನು ಮೊದಲೇ ಹೇಳಬೇಕು. ನನ್ನ ಅಪ್ಪ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಅವರ ಸಂಬಳದಿಂದ ಜಿಪಿಎಫ್ ಮತ್ತು ಕೆಜಿಐಡಿ ಕಂತು ಕಡಿತವಾಗುತ್ತಿತ್ತು, ಪಿಂಚಣಿಗೆಂದು ಒಂದು ಪೈಸೆಯೂ ಕಡಿತವಾಗುತ್ತಿರಲಿಲ್ಲ. ಪಿಂಚಣಿ ಕೊಡುವುದು ಸರ್ಕಾರದ ಕೆಲಸ ಎಂದು ನಾವು ಬೆಳೆದದ್ದೇ ಹಾಗೆ. 2006ರ ಏಪ್ರಿಲ್ 1ರ ನಂತರ ಸೇರಿದ ನನ್ನ ತಮ್ಮ ಎನ್‌ಪಿಎಸ್‌ಗೆ ಬಂದ. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಅವನ ಕೈಯಿಂದಲೇ ಹೋಗುತ್ತದೆ. ಇಲಿನಾಯ್‌ನ ಶಿಕ್ಷಕರದು ಈ ಎರಡರಂತೆಯೂ ಅಲ್ಲ. ಇಲ್ಲಿ ಪಿಂಚಣಿ ಅಪ್ಪನದರಂತೆ ಸೂತ್ರದ ಪ್ರಕಾರ ಖಚಿತ, ವಂತಿಗೆ ತಮ್ಮನದರಂತೆ ಕಡ್ಡಾಯ. ಆದರೆ ಆ ವಂತಿಗೆಯನ್ನು ನಿಮ್ಮ ಪರವಾಗಿ ಮಂಡಳಿ ಕಟ್ಟಬಹುದು. ಕಟ್ಟುತ್ತದೆಯೋ ಇಲ್ಲವೋ, ಎಷ್ಟು ಕಟ್ಟುತ್ತದೆ, ಯಾವ ಮೊತ್ತದ ಮೇಲೆ ಕಟ್ಟುತ್ತದೆ ಎಂಬುದು ಡಿಸ್ಟ್ರಿಕ್ಟ್‌ನಿಂದ ಡಿಸ್ಟ್ರಿಕ್ಟ್‌ಗೆ ಬೇರೆ.

ಮೊದಲು ನಿಮ್ಮ ನಿಧಿ ಯಾವುದು ನೋಡಿ

ಶಿಕಾಗೊ ನಗರದ ಹೊರಗೆ ಇಲಿನಾಯ್‌ನ ಯಾವುದೇ ಸಾರ್ವಜನಿಕ ಶಾಲೆಯಲ್ಲಿ ಪರವಾನಗಿ ಪಡೆದ ಶಿಕ್ಷಕರಾಗಿದ್ದರೆ ನಿಮ್ಮದು ಟಿಆರ್‌ಎಸ್, ಅಂದರೆ ರಾಜ್ಯದ ಶಿಕ್ಷಕರ ನಿವೃತ್ತಿ ವ್ಯವಸ್ಥೆ. ಶಿಕಾಗೊ ನಗರದ ಶಾಲೆಗಳಿಗೆ ಪ್ರತ್ಯೇಕ ನಿಧಿಯಿದೆ. ತರಗತಿಯ ಸಹಾಯಕಿಯಾಗಿ, ಗ್ರಂಥಾಲಯದ ಗುಮಾಸ್ತೆಯಾಗಿ ಸೇರಿದವರದು ಐಎಂಆರ್‌ಎಫ್, ಅಂದರೆ ಸ್ಥಳೀಯ ಸಂಸ್ಥೆಗಳ ನೌಕರರ ನಿವೃತ್ತಿ ನಿಧಿ. ಅದರಲ್ಲಿ ನೌಕರರ ವಂತಿಗೆ ಶೇ. 4.5, ಜೊತೆಗೆ ಸೋಷಿಯಲ್ ಸೆಕ್ಯುರಿಟಿಯೂ (ಕೇಂದ್ರ ಸರ್ಕಾರದ ವೃದ್ಧಾಪ್ಯ ಪಿಂಚಣಿ) ಇರುತ್ತದೆ. ನಮ್ಮವರಲ್ಲಿ ಅನೇಕರು ಸಹಾಯಕಿಯಾಗಿ ಶುರುಮಾಡಿ ಆಮೇಲೆ ಶಿಕ್ಷಕಿಯಾಗುತ್ತಾರೆ. ಆ ಹಳೆಯ ವರ್ಷಗಳನ್ನು ಮರೆಯಬೇಡಿ. ಈ ನಿಧಿಗಳ ನಡುವೆ ಪರಸ್ಪರ ಒಪ್ಪಂದದ ಕಾನೂನಿದೆ, ಒಂದರಲ್ಲಿ ಕನಿಷ್ಠ ಒಂದು ವರ್ಷ ಸೇವೆಯಿದ್ದರೆ ಅದನ್ನು ಇನ್ನೊಂದರ ಸೇವೆಯೊಂದಿಗೆ ಜೋಡಿಸಬಹುದು.

ಟಿಆರ್‌ಎಸ್‌ನ ಸದಸ್ಯರ ವಂತಿಗೆ ಶೇ. 9. ಅದರಲ್ಲಿ 7.5 ನಿವೃತ್ತಿ ವೇತನಕ್ಕೆ, 0.5 ನಿವೃತ್ತಿಯ ನಂತರ ವರ್ಷವರ್ಷ ಆಗುವ ಹೆಚ್ಚಳಕ್ಕೆ, ಉಳಿದ 1 ನಿಮ್ಮ ನಂತರ ಕುಟುಂಬಕ್ಕೆ ಸಿಗುವ ಸೌಲಭ್ಯಕ್ಕೆ. ಆ ಕೊನೆಯ ಶೇ. 1 ನೆನಪಿನಲ್ಲಿರಲಿ, ಕೆಲಸ ಬಿಟ್ಟು ಹೋಗುವವರ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತದೆ.

ಈ ಶಿಕ್ಷಕರ ಶಾಲಾ ಸಂಬಳದ ಮೇಲೆ ಸೋಷಿಯಲ್ ಸೆಕ್ಯುರಿಟಿ ಇಲ್ಲ. ಮುಪ್ಪಿಗೆ ಆ ಸಂಬಳದಿಂದ ಉಳಿಯುವ ಆಸರೆ ಟಿಆರ್‌ಎಸ್ ಒಂದೇ. ಶೇ. 9ರ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದು ಅದಕ್ಕಾಗಿಯೇ.

ಒಪ್ಪಂದದ ಯಾವ ಸಾಲು ಓದಬೇಕು

ಇಲ್ಲಿ ಇದನ್ನು ‘ಪಿಕ್ ಅಪ್’ ಎನ್ನುತ್ತಾರೆ. ಸದಸ್ಯರು ಹೊರಬೇಕಾದ ಹೊರೆಯನ್ನು ಮಾಲೀಕರು ಎತ್ತಿಕೊಳ್ಳುವುದು. ಗೊಂದಲವಾಗುವುದು ಏಕೆಂದರೆ ಎರಡು ಬೇರೆ ವ್ಯವಸ್ಥೆಗಳಿಗೂ ಇದೇ ಹೆಸರು.

ಒಂದು ಬಗೆಯಲ್ಲಿ ಮಂಡಳಿ ನಿಮ್ಮ ಸಂಬಳದಿಂದಲೇ ಶೇ. 9 ತೆಗೆದು ಟಿಆರ್‌ಎಸ್‌ಗೆ ಕಟ್ಟುತ್ತದೆ. ಹಣ ನಿಮ್ಮದೇ. ಆದರೆ ಅಮೆರಿಕದ ತೆರಿಗೆ ಸಂಹಿತೆಯ 414(ಎಚ್)(2) ಕಲಮಿನ ಪ್ರಕಾರ ಅದನ್ನು ಮಾಲೀಕರ ವಂತಿಗೆ ಎಂದು ಪರಿಗಣಿಸುತ್ತಾರೆ, ಹಾಗಾಗಿ ಆ ವರ್ಷ ಅದರ ಮೇಲೆ ಆದಾಯ ತೆರಿಗೆ ಬೀಳುವುದಿಲ್ಲ. ಇನ್ನೊಂದು ಬಗೆಯಲ್ಲಿ ಮಂಡಳಿ ಸಂಬಳವನ್ನು ಮುಟ್ಟದೆ ತನ್ನ ಬೊಕ್ಕಸದಿಂದ ಕಟ್ಟುತ್ತದೆ. ಮೊದಲನೆಯದು ತೆರಿಗೆಯ ಅನುಕೂಲ, ಎರಡನೆಯದು ನಿಜವಾದ ಹೆಚ್ಚುವರಿ ಗಳಿಕೆ. “ನಮ್ಮಲ್ಲೂ ಮಂಡಳಿಯೇ ಕಟ್ಟುತ್ತದೆ” ಎಂದು ಯಾರಾದರೂ ಹೇಳಿದಾಗ ಅವರು ಹೇಳುತ್ತಿರುವುದು ಇವೆರಡರಲ್ಲಿ ಯಾವುದು ಎಂದು ಕೇಳದೆ ನಂಬಬೇಡಿ.

ನೇಮಕಾತಿ ಪತ್ರ ಒಂದೆರಡು ಪುಟದ್ದು, ಅದರಿಂದ ಪೂರ್ತಿ ತಿಳಿಯುವುದಿಲ್ಲ. ಮಂಡಳಿಗೂ ಶಿಕ್ಷಕರ ಸಂಘಕ್ಕೂ ಆಗಿರುವ ಒಪ್ಪಂದದ ಪ್ರತಿಯನ್ನು ಕೇಳಿ. ಬಹುತೇಕ ಡಿಸ್ಟ್ರಿಕ್ಟ್‌ಗಳ ಜಾಲತಾಣದಲ್ಲೇ ಸಿಗುತ್ತದೆ. ವೇತನದ ಅಧ್ಯಾಯ ತೆಗೆದು, ಟಿಆರ್‌ಎಸ್ ಎಂಬ ಮಾತು ಬಂದಲ್ಲೆಲ್ಲ ಬೆರಳಿಟ್ಟು ಓದಿ. ಸಂಬಳದ ಜೊತೆಗೆ, ಸಂಬಳದ ಮೇಲೆ ಎಂಬ ಅರ್ಥದ ಪದಗಳಿವೆಯೇ, ಸಂಬಳದಲ್ಲಿ ಸೇರಿದೆ, ಸಂಬಳದಿಂದ ಎಂಬ ಅರ್ಥದ ಪದಗಳಿವೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆಮೇಲೆ ಪುಸ್ತಕದ ಕೊನೆಯಲ್ಲಿರುವ ವೇತನ ಶ್ರೇಣಿಯ ಪಟ್ಟಿಗೆ ಹೋಗಿ. ಕೆಲವು ಡಿಸ್ಟ್ರಿಕ್ಟ್‌ಗಳು ಮೂಲ ಸಂಬಳ, ಟಿಆರ್‌ಎಸ್, ಒಟ್ಟು ಎಂದು ಮೂರು ಕಂಬ (ಕಾಲಂ) ಹಾಕುತ್ತವೆ. ಕೆಲವು ಒಟ್ಟನ್ನು ಮಾತ್ರ ಅಚ್ಚು ಹಾಕಿ, ಪಟ್ಟಿಯ ಅಡಿಯಲ್ಲಿ ನಕ್ಷತ್ರದ ಗುರುತಿಟ್ಟು ಒಂದು ಟಿಪ್ಪಣಿ ಕೊಡುತ್ತವೆ. ಆ ನಕ್ಷತ್ರವನ್ನು ಓದದೆ ಪಟ್ಟಿಯ ಅಂಕಿಯನ್ನು ನಂಬಬಾರದು.

ಪೂರ್ತಿ ಒಂಬತ್ತೂ ಕಟ್ಟುವ ಮಂಡಳಿಗಳಿವೆ, ನಾಲ್ಕೋ ಐದೋ ಶೇಕಡಾ ಮಾತ್ರ ಕಟ್ಟುವವೂ ಇವೆ. ಇಷ್ಟೇ ಡಾಲರ್ ಎಂದು ಮಿತಿ ಹಾಕಿರುವುದನ್ನೂ ಕಂಡಿದ್ದೇನೆ. ಡಾಲರ್ ಮಿತಿ ನನಗೆ ಹಿಡಿಸುವುದಿಲ್ಲ. ಸಂಬಳ ಏರಿದಂತೆ ಮಿತಿ ಅಲ್ಲೇ ನಿಲ್ಲುತ್ತದೆ, ಉಳಿದದ್ದು ಸದ್ದಿಲ್ಲದೆ ನಿಮ್ಮ ಸಂಬಳ ಚೀಟಿಗೆ ಜಾರುತ್ತದೆ.

486 ಡಾಲರ್

ಈಗ ನಿಜವಾದ ಲೆಕ್ಕ. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯ ಇಂಗ್ಲಿಷ್ ಶಿಕ್ಷಕಿ ಬಿಸ್ಕತ್ತಿನ ಡಬ್ಬಿಯಲ್ಲಿ ತಮ್ಮ ಇಡೀ ವರ್ಷದ ಸಂಬಳ ಚೀಟಿಗಳನ್ನು ಜೋಡಿಸಿಟ್ಟುಕೊಂಡು ತಂದರು. ಒಪ್ಪಂದದಲ್ಲಿ ಮಂಡಳಿ ಪೂರ್ತಿ ವಂತಿಗೆ ಕಟ್ಟುತ್ತದೆ ಎಂದಿದೆ, ಆದರೂ ಪ್ರತಿ ಚೀಟಿಯಲ್ಲಿ 20 ಡಾಲರ್ 25 ಸೆಂಟ್ ಟಿಆರ್‌ಎಸ್ ಎಂದು ಕಡಿತವಾಗುತ್ತಿದೆ, ಇದೇನು ಎಂದು ಕೇಳಿದರು. ವರ್ಷಕ್ಕೆ 24 ಚೀಟಿ, ಒಟ್ಟು 486 ಡಾಲರ್. ಕಚೇರಿಯಲ್ಲಿ ಎಲ್ಲರೂ ಅದು ಸರಿಯಾಗಿಯೇ ಇದೆ, ನಾವು 60,000ದ ಶೇ. 9, ಅಂದರೆ 5,400 ಕಟ್ಟಿದ್ದೇವಲ್ಲ ಎಂದರು. ನಾನೂ ತಲೆಯಾಡಿಸಿ ಅವರನ್ನು ಕಳುಹಿಸಿಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ.

ಮಂಡಳಿ ನಿಮ್ಮ ಪರವಾಗಿ ಕಟ್ಟುವ ವಂತಿಗೆಯನ್ನೂ ಟಿಆರ್‌ಎಸ್ ನಿಮ್ಮ ಗಳಿಕೆ ಎಂದೇ ಲೆಕ್ಕ ಹಾಕುತ್ತದೆ. ಆ ಗಳಿಕೆಯ ಮೇಲೂ ಶೇ. 9 ಕೊಡಬೇಕು. 60,000ಕ್ಕೆ 5,400 ಸೇರಿಸಿದರೆ 65,400. ಅದರ ಶೇ. 9 ಎಂದರೆ 5,886. ಮಂಡಳಿ ಕಟ್ಟಿದ್ದು 5,400, ಕೊರತೆ 486. ಆ ಕೊರತೆ ಶಿಕ್ಷಕಿಯ ಚೀಟಿಯಿಂದ ಹೋಗುತ್ತಿತ್ತು. ಸರಿ, ಆ 486ನ್ನೂ ಮಂಡಳಿ ಕಟ್ಟಿತು ಎನ್ನಿ. ಆಗ ಅದೂ ಗಳಿಕೆಯೇ, ಅದರ ಮೇಲೆ 43 ಡಾಲರ್ 74 ಸೆಂಟ್ ಬೇಕು. ಅದರ ಮೇಲೆ ಇನ್ನೊಂದು 3 ಡಾಲರ್ 94 ಸೆಂಟ್. ಹೀಗೆ ಬಾಲ ಬೆಳೆಯುತ್ತಾ ಹೋಗುತ್ತದೆ.

ಇದನ್ನು ನೇರ ಮಾಡುವ ದಾರಿ ನನಗೆ ಹೊಳೆದದ್ದು ಅಪ್ಪ ಎಂಟನೇ ತರಗತಿಗೆ ಹೇಳಿಕೊಡುತ್ತಿದ್ದ ದಲಾಲಿ ಲೆಕ್ಕದಿಂದ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹಾಕಿದ ರೈತನ ಕೈಗೆ, ನೂರಕ್ಕೆ ಒಂಬತ್ತು ದಲಾಲಿ ಕಳೆದು, 91 ರೂಪಾಯಿ ಸಿಗಬೇಕಾದರೆ ಮಾಲು ಎಷ್ಟಕ್ಕೆ ಮಾರಬೇಕು? 91ಕ್ಕೆ ಒಂಬತ್ತು ಶೇಕಡಾ ಕೂಡಿಸಿದರೆ ಉತ್ತರ ತಪ್ಪು, 100ಕ್ಕೆ ಮಾರಬೇಕು. ಇಲ್ಲಿಯೂ ಅದೇ. ನಿಮ್ಮ ಕೈಗೆ 60,000 ಉಳಿಯಬೇಕಾದರೆ ಒಟ್ಟು ಗಳಿಕೆ 60,000ವನ್ನು 0.91ರಿಂದ ಭಾಗಿಸಿದಷ್ಟು, ಅಂದರೆ 65,934 ಡಾಲರ್. ಅದರ ಶೇ. 9 ಸರಿಯಾಗಿ 5,934. ಕಳೆದರೆ 60,000. ಟಿಆರ್‌ಎಸ್ ಇದಕ್ಕಾಗಿಯೇ ಒಂದು ಗುಣಕ ಕೊಟ್ಟಿದೆ: 1.098901. ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಮಂಡಳಿ ನಿಜವಾಗಿ ಕಟ್ಟಬೇಕಾದದ್ದು ಮೂಲ ಸಂಬಳದ ಶೇ. 9 ಅಲ್ಲ, ಶೇ. 9.8901.

ಮರುದಿನ ಆ ಶಿಕ್ಷಕಿಯನ್ನು ಕರೆಸಿ, ತಪ್ಪು ನಮ್ಮ ಕಡೆಯದು ಎಂದು ಹೇಳಿದೆ. ಒಪ್ಪಂದದಲ್ಲಿ ‘ಪೂರ್ತಿ’ ಎಂಬ ಪದವಿತ್ತು, ಪೂರ್ತಿ ಎಂದರೆ 5,934. ಲೆಕ್ಕ ಸರಿಪಡಿಸಿದೆವು, ಆ ವರ್ಷ ಕಡಿತವಾದದ್ದನ್ನು ಎಲ್ಲ ಶಿಕ್ಷಕರಿಗೂ ಹಿಂತಿರುಗಿಸಿದೆವು. ಚೀಟಿಗಳನ್ನು ಜೋಡಿಸಿಟ್ಟವರು ಒಬ್ಬರೇ, ಹಣ ಹೋಗುತ್ತಿದ್ದದ್ದು ಎಲ್ಲರದು.

ಭಾಗಶಃ ಕಟ್ಟುವ ಕಡೆಯೂ ಬಗೆ ಇದೇ. ಒಟ್ಟು ಗಳಿಕೆಯ ಶೇ. 4.5ನ್ನು ಸಂಬಳದ ಹೊರತಾಗಿ ಮಂಡಳಿ ಕಟ್ಟುತ್ತದೆ ಎಂದಿದ್ದರೆ ಮೂಲ ಸಂಬಳವನ್ನು 0.955ರಿಂದ ಭಾಗಿಸಿ.

ಎರಡು ಪತ್ರಗಳನ್ನು ತೂಗುವ ಬಗೆ

ದಾವಣಗೆರೆಯ ಹುಡುಗಿಯ ಪತ್ರಗಳಿಗೆ ಮರಳುತ್ತೇನೆ. 60,000ದ ಕೆಲಸದಲ್ಲಿ ಟಿಆರ್‌ಎಸ್ ಲೆಕ್ಕಕ್ಕೆ ಬರುವ ಗಳಿಕೆ 65,934, ಆದಾಯ ತೆರಿಗೆಗೆ ಸಿಗುವ ಸಂಬಳ 60,000. 64,000ದ ಕೆಲಸದಲ್ಲಿ ಗಳಿಕೆ 64,000, ಅದರಿಂದ ವಂತಿಗೆ 5,760 ಕಳೆದು ತೆರಿಗೆಗೆ ಸಿಗುವುದು 58,240. ತೆರಿಗೆಗೆ ಮುಂಚೆ ಕೈಗೆ ಬರುವುದರಲ್ಲಿ 1,760 ಡಾಲರ್ ವ್ಯತ್ಯಾಸ, ಅದೂ ‘ಸಣ್ಣ’ ಸಂಬಳದ ಪರವಾಗಿ. ಇವೆರಡೂ ಸಮವಾಗಬೇಕಾದರೆ ಎರಡನೆಯ ಡಿಸ್ಟ್ರಿಕ್ಟ್ 65,934 ಕೊಡಬೇಕಿತ್ತು.

ಪಿಂಚಣಿಯ ಕಡೆಗೂ ನೋಡಿ. ಸೂತ್ರ ಸರಳ: ಸೇವೆಯ ವರ್ಷಕ್ಕೆ ಶೇ. 2.2ರಂತೆ, ಕೊನೆಯ ವರ್ಷಗಳ ಸರಾಸರಿ ಗಳಿಕೆಯ ಮೇಲೆ, ಹೆಚ್ಚೆಂದರೆ ಶೇ. 75. 2011ರ ಜನವರಿ 1ಕ್ಕೆ ಮುಂಚೆ ಸೇರಿದವರು ಮೊದಲ ಶ್ರೇಣಿ, ಆಮೇಲೆ ಸೇರಿದವರು ಎರಡನೆಯ ಶ್ರೇಣಿ. ಈಗ ಹೊಸದಾಗಿ ಸೇರುವ ನಮ್ಮವರೆಲ್ಲ ಎರಡನೆಯದರಲ್ಲೇ. ಅವರಿಗೆ ಪಿಂಚಣಿಯ ಹಕ್ಕು ಬರಲು 10 ವರ್ಷ ಸೇವೆ ಬೇಕು, ಪೂರ್ತಿ ಪಿಂಚಣಿಗೆ 67 ವಯಸ್ಸು, ಸರಾಸರಿ ಎಂದರೆ ಕೊನೆಯ ಹತ್ತು ವರ್ಷಗಳಲ್ಲಿ ಅತಿ ಹೆಚ್ಚು ಗಳಿಕೆಯ ಸತತ ಎಂಟು ವರ್ಷಗಳದ್ದು. 25 ವರ್ಷ ಕಲಿಸಿದವರಿಗೆ ಶೇ. 55. ಸರಾಸರಿ 60,000 ಆದರೆ ವರ್ಷಕ್ಕೆ 33,000 ಡಾಲರ್, 65,934 ಆದರೆ 36,264. ಮಂಡಳಿ ಕಟ್ಟಿದ ವಂತಿಗೆ ಹೀಗೆ ಜೀವಮಾನವಿಡೀ ವರ್ಷಕ್ಕೆ 3,264 ಡಾಲರ್ ಆಗಿ ಮರಳಿ ಬರುತ್ತದೆ. ಹಾಗಾಗಿ ನಿಮ್ಮ ಡಿಸ್ಟ್ರಿಕ್ಟ್ ಟಿಆರ್‌ಎಸ್‌ಗೆ ಯಾವ ಅಂಕಿ ಕಳುಹಿಸುತ್ತಿದೆ ಎಂಬುದನ್ನು ವರ್ಷಕ್ಕೊಮ್ಮೆ ನೋಡಲೇಬೇಕು.

ತೂಗುವಾಗ ಇನ್ನೆರಡು ವಿಷಯ ಕೇಳಿ. ಕ್ಲಬ್ ನಡೆಸುವುದು, ಆಟ ಕಲಿಸುವುದು, ಬೇಸಿಗೆ ಶಾಲೆ, ಇವುಗಳ ಸಂಭಾವನೆಯ ಮೇಲಿನ ವಂತಿಗೆಯನ್ನೂ ಮಂಡಳಿ ಕಟ್ಟುತ್ತದೆಯೇ, ಅಥವಾ ಮೂಲ ಸಂಬಳದ ಮೇಲೆ ಮಾತ್ರವೇ? ಬಹಳ ಕಡೆ ಮೂಲಕ್ಕೆ ಮಾತ್ರ. ಮತ್ತೆ, ನಿವೃತ್ತ ಶಿಕ್ಷಕರ ಆರೋಗ್ಯ ವಿಮೆಯ ನಿಧಿಗೆ ಹೋಗುವ ಪ್ರತ್ಯೇಕ ಸಣ್ಣ ವಂತಿಗೆಯನ್ನು ಯಾರು ಕಟ್ಟುತ್ತಾರೆ? ಟಿಆರ್‌ಎಸ್ ಕಟ್ಟುತ್ತೇವೆ ಎಂದ ಮಾತ್ರಕ್ಕೆ ಅದನ್ನೂ ಕಟ್ಟುತ್ತಾರೆ ಎಂದು ತಿಳಿಯಬೇಡಿ.

ತೆರಿಗೆ, ಮತ್ತು ‘ನನ್ನ ಕೈಗೇ ಕೊಟ್ಟುಬಿಡಿ’ ಎನ್ನುವವರಿಗೆ

ಸಂಬಳದಿಂದಲೇ ಕಡಿತವಾಗುವವರಿಗೂ ತೆರಿಗೆಯ ಅನುಕೂಲ ಸಣ್ಣದಲ್ಲ. 5,760 ಡಾಲರ್ ವಂತಿಗೆಗೆ ಇಲಿನಾಯ್‌ನ ಶೇ. 4.95ರಂತೆ 285 ಡಾಲರ್ ಉಳಿಯುತ್ತದೆ. ಕೇಂದ್ರದ ತೆರಿಗೆಯಲ್ಲಿ ಶೇ. 12ರ ಹಂತದವರಿಗೆ 691, ಶೇ. 22ರ ಹಂತದವರಿಗೆ 1,267. ಕೇಂದ್ರದ್ದು ಮನ್ನಾ ಅಲ್ಲ, ಮುಂದೂಡಿಕೆ. ಪಿಂಚಣಿ ಬಂದಾಗ ತೆರಿಗೆ ಕಟ್ಟಬೇಕು. ರಾಜ್ಯ ಮಾತ್ರ ಪಿಂಚಣಿಯ ಮೇಲೆ ಆದಾಯ ತೆರಿಗೆ ಹಾಕುವುದಿಲ್ಲ, ಹಾಗಾಗಿ ಇಲ್ಲೇ ನೆಲೆಸುವವರಿಗೆ ಆ ಭಾಗ ಉಳಿದೇ ಉಳಿಯುತ್ತದೆ. ಮೆಡಿಕೇರ್‌ನ, ಅಂದರೆ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯ, ಶೇ. 1.45 ಬೇರೆ: ಸಂಬಳದಿಂದ ಕಡಿತವಾಗುವ ವಂತಿಗೆಯ ಮೇಲೆ ಅದು ಬೀಳುತ್ತದೆ, ಸಂಬಳದ ಮೇಲೆ ನಿಜವಾಗಿ ಹೆಚ್ಚುವರಿಯಾಗಿ ಕಟ್ಟಿದ್ದರ ಮೇಲೆ ಬೀಳುವುದಿಲ್ಲ.

ಮೂರು ವರ್ಷದ ಹಿಂದೆ ಒಬ್ಬ ಹುಡುಗ ನನ್ನ ಮೇಜಿನ ಮುಂದೆ ನಿಂತು, “ಮೇಡಂ, ನಾನು ಇಲ್ಲಿ ಬಹಳ ದಿನ ಇರುವವನಲ್ಲ. ಮಂಡಳಿ ಕಟ್ಟುವ 5,934ನ್ನು ನನ್ನ ಕೈಗೇ ಕೊಡಿ” ಎಂದ. ಕೊಡುವಂತಿಲ್ಲ. 2006ರಲ್ಲಿ ಅಮೆರಿಕದ ತೆರಿಗೆ ಇಲಾಖೆ ಹೊರಡಿಸಿದ ನಿರ್ಣಯ ಇದನ್ನು ಸ್ಪಷ್ಟ ಮಾಡಿದೆ. ಮಂಡಳಿ ವಿಧಿವತ್ತಾಗಿ ಲಿಖಿತ ಠರಾವು ಮಾಡಬೇಕು. ಠರಾವು ಮುಂದಿನ ಸಂಬಳಕ್ಕೆ ಮಾತ್ರ ಅನ್ವಯ, ಹಿಂದಿನ ತಾರೀಖಿಗೆ ಎಳೆಯುವಂತಿಲ್ಲ. ವಂತಿಗೆಯ ಬದಲು ನಗದು ತೆಗೆದುಕೊಳ್ಳುವ ಆಯ್ಕೆ ನೌಕರರಿಗೆ ಇರಕೂಡದು. ಒಬ್ಬರಿಗೆ ಆ ಆಯ್ಕೆ ಕೊಟ್ಟರೆ ತೆರಿಗೆಯ ಅನುಕೂಲದ ಬುಡವೇ ಅಲುಗುತ್ತದೆ. ಅವನಿಗೆ ಬೇಸರವಾಯಿತು, ನನಗೂ ಆಯಿತು. ಆದರೆ ನಿಯಮ ಸರಿಯಾದದ್ದೇ ಎಂದು ನನ್ನ ನಂಬಿಕೆ. ಆಯ್ಕೆಯಿದ್ದರೆ ಇಪ್ಪತ್ತೈದರ ವಯಸ್ಸಿನಲ್ಲಿ ಯಾರು ಪಿಂಚಣಿಗೆ ಹಣ ಬಿಡುತ್ತಾರೆ?

ಈ ವಂತಿಗೆ ನಿಮ್ಮ 403(ಬಿ), ಅಂದರೆ ನೀವಾಗಿ ಮಾಡುವ ನಿವೃತ್ತಿ ಉಳಿತಾಯದ ವಾರ್ಷಿಕ ಮಿತಿಯನ್ನು ತಿನ್ನುವುದಿಲ್ಲ. ಅದು ಬೇರೆ, ಇದು ಬೇರೆ.

ಚೀಟಿಯಲ್ಲಿ ಏನು ನೋಡಬೇಕು

ಮೊದಲ ಚೀಟಿ ಬಂದ ದಿನವೇ ಟಿಆರ್‌ಎಸ್ ಸಾಲು ನೋಡಿ. ಅದು ನಿಮ್ಮ ಕಡಿತದ ಕಂಬದಲ್ಲಿದೆಯೇ, ಮಾಲೀಕರ ಪಾವತಿಯ ಕಂಬದಲ್ಲಿದೆಯೇ? ಮಂಡಳಿ ಪೂರ್ತಿ ಕಟ್ಟುವಲ್ಲಿ ನಿಮ್ಮ ಕಂಬದಲ್ಲಿ ಸೊನ್ನೆ ಇರಬೇಕು. ಇಪ್ಪತ್ತು ಡಾಲರ್ ಕಂಡರೂ ಎದ್ದು ಬಂದು ಕೇಳಿ. ಜನವರಿಯಲ್ಲಿ ಡಬ್ಲ್ಯೂ-2 (ವರ್ಷದ ಸಂಬಳ ಮತ್ತು ತೆರಿಗೆಯ ವಿವರಪತ್ರ) ಬಂದಾಗ, ಬೇರೆ ಕಡಿತಗಳಿಲ್ಲದಿದ್ದರೆ, 64,000ದ ಉದಾಹರಣೆಯವರ ಮೊದಲ ಪೆಟ್ಟಿಗೆಯಲ್ಲಿ 58,240, ಐದನೆಯ ಪೆಟ್ಟಿಗೆಯಲ್ಲಿ 64,000 ಇರಬೇಕು. ಎರಡರಲ್ಲೂ 64,000 ಇದ್ದರೆ ನಿಮ್ಮ ವಂತಿಗೆಯ ಮೇಲೆ ತೆರಿಗೆ ಹಾಕಿದ್ದಾರೆ ಎಂದೇ ಅರ್ಥ. ಟಿಆರ್‌ಎಸ್ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಅದರ ವಾರ್ಷಿಕ ವಿವರಪಟ್ಟಿಯಲ್ಲಿರುವ ಗಳಿಕೆಯನ್ನು ನಿಮ್ಮ ಚೀಟಿಗಳ ಒಟ್ಟು ಮೊತ್ತದೊಂದಿಗೆ ಹೊಂದಿಸಿ ನೋಡಿ. 65,934 ಇರಬೇಕಾದಲ್ಲಿ 60,000 ಎಂದು ಹೋಗಿದ್ದರೆ ಆಗಲೇ ತಿದ್ದಿಸಬೇಕು, ಇಪ್ಪತ್ತು ವರ್ಷದ ನಂತರ ಆ ಕಾಗದಗಳನ್ನು ಹುಡುಕುವುದು ಯಾರಿಂದಲೂ ಆಗುವ ಕೆಲಸವಲ್ಲ.

ಸಂಘದ ಮಾತುಕತೆಗೆ ಕೂರುವವರಿಗೆ

ನಮ್ಮವರು ಸಂಘದ ಸಮಿತಿಗಳಲ್ಲಿ ಕೂರಲು ಹಿಂಜರಿಯುತ್ತಾರೆ. ಹಿಂಜರಿಯಬಾರದು, ಗಣಿತ ಬಲ್ಲವರು ಅಲ್ಲಿ ಬೇಕು. ಮಂಡಳಿ ಈ ಪಾವತಿಯನ್ನು ನಿಲ್ಲಿಸುತ್ತೇವೆ, ಬದಲಿಗೆ ಶೇ. 9 ಸಂಬಳ ಏರಿಸುತ್ತೇವೆ ಎಂದು ಬಂದಾಗ ಕೇಳುವುದಕ್ಕೆ ಸರಿಸಮ ಎನಿಸುತ್ತದೆ. 60,000 ಆಗ 65,400 ಆಗುತ್ತದೆ, ಅದರಿಂದ ಶೇ. 9 ಕಳೆದರೆ 59,514. ಮತ್ತೆ ಅದೇ 486 ಡಾಲರ್ ನಷ್ಟ! ಕೇಳಬೇಕಾದದ್ದು ಶೇ. 9.89.

ಪಾವತಿ ಹೋಗುವುದು ಎಲ್ಲೋ ಅಪರೂಪಕ್ಕೆ ನಡೆಯುವ ಮಾತಲ್ಲ. ನೆರೆಯ ವಿಸ್ಕಾನ್ಸಿನ್‌ನಲ್ಲಿ ನೌಕರರ ಪಾಲನ್ನೂ ಶಾಲೆಗಳೇ ಕಟ್ಟುವ ರೂಢಿ ವ್ಯಾಪಕವಾಗಿತ್ತು. 2011ರ ಆಕ್ಟ್ 10 ಕಾಯ್ದೆ ಬಂದು ಬಹುತೇಕ ಸಾರ್ವಜನಿಕ ನೌಕರರು ಪಿಂಚಣಿ ವಂತಿಗೆಯ ಅರ್ಧವನ್ನು ತಾವೇ ಕಟ್ಟಬೇಕಾಯಿತು. ಶಿಕಾಗೊ ನಗರದಲ್ಲಿ 1980ರ ದಶಕದ ಆರಂಭದಿಂದ ಶೇ. 9ರಲ್ಲಿ ಶೇ. 7ನ್ನು ಮಂಡಳಿಯೇ ಕಟ್ಟುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ, ಮುಷ್ಕರ ಶುರುವಾಗುವ ಹಿಂದಿನ ರಾತ್ರಿ, ಒಪ್ಪಂದವಾಯಿತು: ಹಳಬರಿಗೆ ಪಾವತಿ ಮುಂದುವರಿಯಿತು, 2017ರಿಂದ ಸೇರುವವರು ಪೂರ್ತಿ ಒಂಬತ್ತನ್ನೂ ತಾವೇ ಕಟ್ಟಬೇಕು, ಬದಲಿಗೆ ಅವರಿಗೆ ಎರಡು ಕಂತಿನಲ್ಲಿ ಶೇ. 3.5ರಂತೆ ಸಂಬಳ ಹೆಚ್ಚಳ. ಒಂದೇ ಸಿಬ್ಬಂದಿ ಕೊಠಡಿಯಲ್ಲಿ ಎರಡು ಬಗೆಯ ಒಪ್ಪಂದ ಇಡುವುದು ನನಗೆ ಸರಿ ಕಾಣುವುದಿಲ್ಲ. ಹೊಸಬರಿಗೆ ಮತ ಹಾಕಲು ಅವಕಾಶವೇ ಇಲ್ಲದಾಗ ಅವರ ಪಾಲನ್ನು ಬಿಟ್ಟುಕೊಡುವುದು ಬಹಳ ಸುಲಭ.

ಹೊಸದಾಗಿ ಈ ಸೌಲಭ್ಯ ಕೇಳುವವರು ಇನ್ನೊಂದು ನಿಯಮ ತಿಳಿದಿರಬೇಕು. 2005ರ ಕಾನೂನಿನ ಪ್ರಕಾರ, ಪಿಂಚಣಿಯ ಸರಾಸರಿಗೆ ಬರುವ ವರ್ಷಗಳಲ್ಲಿ ಯಾರದಾದರೂ ಗಳಿಕೆ ಹಿಂದಿನ ವರ್ಷಕ್ಕಿಂತ ಶೇ. 6ಕ್ಕಿಂತ ಹೆಚ್ಚು ಏರಿದರೆ, ಅದರಿಂದ ಪಿಂಚಣಿಗೆ ಬೀಳುವ ಹೆಚ್ಚುವರಿ ಭಾರವನ್ನು ಡಿಸ್ಟ್ರಿಕ್ಟ್ ಟಿಆರ್‌ಎಸ್‌ಗೆ ಕಟ್ಟಿಕೊಡಬೇಕು. ಪೂರ್ತಿ ಪಿಕ್ ಅಪ್ ಒಮ್ಮೆಲೇ ಶುರುವಾದರೆ ಗಳಿಕೆ ಶೇ. 9.89 ಜಿಗಿಯುತ್ತದೆ. ಅದಕ್ಕೇ ಮಂಡಳಿಗಳು ಹೆದರುತ್ತವೆ. ವರ್ಷಕ್ಕೆ ಎರಡು ಮೂರು ಶೇಕಡಾದಂತೆ ಹಂತ ಹಂತವಾಗಿ, ಮಾಮೂಲಿ ಹೆಚ್ಚಳವೂ ಸೇರಿ ಆರರೊಳಗೆ ಇರುವಂತೆ ಕೇಳಿದರೆ ಮಾತು ಮುಂದೆ ಹೋಗುತ್ತದೆ.

ಹತ್ತು ವರ್ಷಕ್ಕೆ ಮುಂಚೆ ಊರಿಗೆ ಮರಳುವವರು

ಇದನ್ನು ತಿಳಿಯದೆ ಹಣ ಬಿಟ್ಟುಹೋದವರನ್ನು ಕಂಡಿದ್ದೇನೆ. ಹತ್ತು ವರ್ಷ ತುಂಬುವ ಮುಂಚೆ ಕೆಲಸ ಬಿಟ್ಟರೂ ವಂತಿಗೆ ನಿಮ್ಮದೇ, ಮಂಡಳಿ ನಿಮ್ಮ ಪರವಾಗಿ ಕಟ್ಟಿದ್ದೂ ನಿಮ್ಮದೇ. ಕಲಿಸುವುದು ನಿಲ್ಲಿಸಿ ನಾಲ್ಕು ತಿಂಗಳಾದ ಮೇಲೆ ಮರುಪಾವತಿ ಕೇಳಬಹುದು. ಬಡ್ಡಿ ಸಿಗುವುದಿಲ್ಲ. ಆ ಕುಟುಂಬ ಸೌಲಭ್ಯದ ಶೇ. 1 ಕೂಡ ಮರಳುವುದಿಲ್ಲ. ದಾವಣಗೆರೆಯ ಹುಡುಗಿ ಇದೇ ಸಂಬಳದಲ್ಲಿ ನಾಲ್ಕು ವರ್ಷ ಇದ್ದು ಹೊರಟಳು ಎನ್ನೋಣ. ಕಟ್ಟಿದ್ದು 23,700ಕ್ಕೂ ಹೆಚ್ಚು, ಮರಳುವುದು ಸುಮಾರು 21,100 ಡಾಲರ್. ಇದಕ್ಕೆ ಇಲ್ಲಿಯವರೆಗೆ ಆದಾಯ ತೆರಿಗೆ ಬಿದ್ದಿಲ್ಲವಾದ್ದರಿಂದ ಚೆಕ್ಕನ್ನು ನೇರವಾಗಿ ಕೈಗೆ ತೆಗೆದುಕೊಂಡರೆ ಶೇ. 20 ಮೊದಲೇ ಹಿಡಿಯುತ್ತಾರೆ, ಐವತ್ತೊಂಬತ್ತೂವರೆ ವಯಸ್ಸಿಗೆ ಮುಂಚೆಯಾದರೆ ಸಾಮಾನ್ಯವಾಗಿ ಇನ್ನೊಂದು ಶೇ. 10 ಹೆಚ್ಚುವರಿ ತೆರಿಗೆ. ನೇರವಾಗಿ ಒಂದು ಐಆರ್‌ಎ ಖಾತೆಗೆ (ಸ್ವಂತ ನಿವೃತ್ತಿ ಉಳಿತಾಯ ಖಾತೆಗೆ) ವರ್ಗಾಯಿಸಿದರೆ ಆಗ ಎರಡೂ ಇಲ್ಲ. ದೇಶ ಬಿಟ್ಟು ಅನಿವಾಸಿಯಾದ ಮೇಲೆ ತೆಗೆದರೆ ಹಿಡಿಯುವ ದರವೇ ಬೇರೆ, ಸಾಮಾನ್ಯವಾಗಿ ಶೇ. 30. ಹಾಗಾಗಿ ಹೊರಡುವ ಮುಂಚೆಯೇ ಐಆರ್‌ಎ ಖಾತೆ ತೆರೆದಿಡಿ, ಟಿಆರ್‌ಎಸ್‌ಗೆ ಊರಿನ ವಿಳಾಸ ಕೊಟ್ಟು ಹೊರಡಿ. ಮರುಪಾವತಿ ಪಡೆದರೆ ಆ ವರ್ಷಗಳ ಸೇವೆ ಅಳಿಸಿಹೋಗುತ್ತದೆ, ಆದ್ದರಿಂದ ಇಲಿನಾಯ್‌ಗೆ ಮತ್ತೆ ಕಲಿಸಲು ಬರುವ ಸಾಧ್ಯತೆ ಇರುವವರು ಅವಸರ ಮಾಡಬಾರದು.

ಆ ಹುಡುಗಿ 60,000ದ ಕೆಲಸಕ್ಕೇ ಸೇರಿದಳು. ಮೊದಲ ಚೀಟಿ ಬಂದ ದಿನ ಅದರ ಚಿತ್ರ ಕಳುಹಿಸಿದಳು. ಅವಳ ಕಂಬದಲ್ಲಿ ಟಿಆರ್‌ಎಸ್ ಸೊನ್ನೆ, ಮಾಲೀಕರ ಕಂಬದಲ್ಲಿ 247 ಡಾಲರ್ 25 ಸೆಂಟ್. 24ರಿಂದ ಗುಣಿಸಿ ನೋಡಿದೆ, 5,934.